ಉಬ್ಬಸದವನ ಯಂತ್ರ

1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳು ಹೀರುವ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಅದು ಕುದುರೆಗಾಡಿಯಲ್ಲಿ ಬರುತ್ತಿತ್ತು. ಯಂತ್ರ ಬೀದಿಯಲ್ಲೇ ನಿಲ್ಲೋದು, ಕಿಟಕಿಯೊಳಗೆ ಉದ್ದನೆಯ ಪೈಪು ಹೋಗೋದು. ಅದನ್ನು ಕೈಗೆ ಸಿಗುವಷ್ಟು ಚಿಕ್ಕದು ಮಾಡಿದವನು ಅಮೆರಿಕದ ಒಹಾಯೊದಲ್ಲಿ ಅಂಗಡಿ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಆತನಿಗೆ ಉಬ್ಬಸ, ಗುಡಿಸಿದಷ್ಟೂ ಕೆಮ್ಮು. ಫ್ಯಾನಿನ ಮೋಟರು, ಪೊರಕೆಯ ಹಿಡಿ, ದಿಂಬಿನ ಚೀಲ ಜೋಡಿಸಿ 1908ರಲ್ಲಿ ಪೇಟೆಂಟ್ ಪಡೆದ. ಅದನ್ನು ಕೊಂಡ ಹೂವರ್ ಹೆಸರು ಉಳೀತು, ಇವನದು ಮರೆತುಹೋಯ್ತು.

2002ರಲ್ಲಿ ರೂಂಬಾ ಬಂತು. ಅದು ಡಿಕ್ಕಿ ಹೊಡೆದೇ ದಾರಿ ಕಂಡುಕೊಳ್ತಿತ್ತು; ನಾಯಿ ಹೇಲು ಸಿಕ್ಕರೆ ಮನೆತುಂಬ ಸಾರಿಸಿಬಿಡೋದು. 2021ರ ಜೆ7 ಪ್ಲಸ್ ಕ್ಯಾಮೆರಾದಿಂದ ಅದನ್ನು ಗುರುತಿಸಿ ಪಕ್ಕಕ್ಕೆ ಸರೀತು. ತಪ್ಪಿದರೆ ಬೇರೆ ಯಂತ್ರ ಕೊಡ್ತೀವಿ ಅಂತ ಕಂಪನಿಯೇ ಮಾತು ಕೊಟ್ಟಿತು.

ನಮ್ಮನೇಲಿ ಒಂದು ನಾಯಿ, ಎರಡು ಬೆಕ್ಕು, ಉಬ್ಬಸದ ಅತ್ತೆ. ಪೊರಕೆ ಕೂದಲನ್ನು ಗಾಳಿಗೆ ಎಬ್ಬಿಸುತ್ತೆ, ಯಂತ್ರ ಹೀರಿಕೊಳ್ಳುತ್ತೆ. ಆದ್ರೆ ಅದರ ಡಬ್ಬಿ ಕೊಡವುವಾಗ ಅದೇ ಧೂಳು ಮುಖಕ್ಕೆ ಬರುತ್ತೆ. ಬ್ರಷ್ಷಿಗೆ ಸುತ್ತಿದ ಕೂದಲನ್ನು ಕೈಯಲ್ಲೇ ಕತ್ತರಿಸಿ ತೆಗೀಬೇಕು. ಸ್ಪ್ಯಾಂಗ್ಲರನ ಕಷ್ಟ ನೆನೆದು ಲೆಕ್ಕ ಹಾಕಿದೆ: ಯಂತ್ರ ಕೊಳ್ಳೋಣ, ಆದರೆ ನಾವು ಮನೇಲಿರುವಾಗ ಮಾತ್ರ ಓಡಿಸೋಣ. ಡಬ್ಬಿ ಕೊಡವೋ ಕೆಲಸ ಮಾತ್ರ ನಂದು, ಅತ್ತೆಯದಲ್ಲ.