ಕಾಂದಿವಲಿಯಿಂದ ಕಂಡಂತೆ: ಮುಂಬಯಿಯಲ್ಲಿ ಸರ್ಕಾರ ಮತ್ತು ಸಮಾಜನೀತಿಯ ಪದವಿ ಪಾಠ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮರುದಿನ ಕಾಂದಿವಲಿಯ ಕನ್ನಡ ಮನೆಗಳಲ್ಲಿ ಮಾತು ಬಿ.ಕಾಂ., ಬಿ.ಎಂ.ಎಸ್.ಗಳ ಸುತ್ತಲೇ ತಿರುಗುತ್ತದೆ. ಮಗಳು ಆರ್ಟ್ಸ್ ಎಂದರೆ, ಅದರಲ್ಲೂ ರಾಜ್ಯಶಾಸ್ತ್ರ ಎಂದರೆ, 'ಆಮೇಲೆ ಏನು ಮಾಡ್ತಿ?' ಎಂಬ ಪ್ರಶ್ನೆ ತಪ್ಪದು. ರೇಷನ್ನು, ಮನೆ, ಆಸ್ಪತ್ರೆ, ಶಾಲೆ ಯಾರಿಗೆ ಎಷ್ಟು ಸಿಗಬೇಕೆಂದು ತೀರ್ಮಾನವಾಗುವ ಬಗೆಯನ್ನು ಓದುವುದು ಹೊಟ್ಟೆಗಿಲ್ಲದ ವಿದ್ಯೆ ಎಂಬ ಭಾವನೆ ನಮ್ಮವರಲ್ಲಿ ಗಟ್ಟಿಯಾಗಿದೆ. ಆದರೆ ಈ ವಿದ್ಯೆ ಬೇರೂರಲು ಮುಂಬಯಿಯಷ್ಟು ನೆರವಾದ ಊರುಗಳು ಕಡಿಮೆ.

ಲಂಡನ್ನಿಗೂ ಇಲ್ಲಿಂದ ಹಣ ಹೋಗಿತ್ತು. ಬಡತನದ ಕಾರಣಗಳನ್ನು ಅಭ್ಯಾಸ ಮಾಡಲೆಂದು ಮುಂಬಯಿಯ ಉದ್ಯಮಿ ಸರ್ ರತನ್ ಟಾಟಾ 1912ರಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಧನಸಹಾಯ ಕೊಟ್ಟರು. ಅದರಿಂದ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಬೆಳೆದ ಸಮಾಜವಿಜ್ಞಾನ ವಿಭಾಗವೇ ಮುಂದೆ ಸಮಾಜನೀತಿಯ ವಿಭಾಗವಾಯಿತು. ರಿಚರ್ಡ್ ಟಿಟ್ಮಸ್ 1950ರಲ್ಲಿ ಅಲ್ಲಿ ಪ್ರಾಧ್ಯಾಪಕರಾದ ಮೇಲೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಅದು ಪದವಿಯ ವಿಷಯವಾಗಿ ನೆಲೆಗೊಂಡಿತು.

ಮುಂಬಯಿಯಲ್ಲಿ ಅಡಿಪಾಯ ಬಿದ್ದದ್ದು 1919ರಲ್ಲಿ. ವಿಶ್ವವಿದ್ಯಾಲಯ ತೆರೆದ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರ ವಿಭಾಗಕ್ಕೆ ಸ್ಕಾಟ್ಲೆಂಡಿನ ನಗರಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ಮೊದಲ ಮುಖ್ಯಸ್ಥರು. ಊರನ್ನು ಸುತ್ತಿ ಸಮೀಕ್ಷೆ ಮಾಡದೆ ಯೋಜನೆಗೆ ಕೈ ಹಾಕಬಾರದು ಎಂಬುದು ಅವರ ಹಟ. ಬೀದಿ, ನೀರು, ವಸತಿ, ದುಡಿಮೆ ಇವನ್ನು ಬಿಡಿಸಿ ನೋಡದೆ ಒಟ್ಟಿಗೆ ನೋಡಬೇಕೆಂದರು. 1924ರಲ್ಲಿ ಜಿ.ಎಸ್. ಘುರ್ಯೆ ವಿಭಾಗದ ಹೊಣೆ ಹೊತ್ತ ಮೇಲೆ ಒಲವು ಜಾತಿ, ಕುಟುಂಬ, ಬುಡಕಟ್ಟುಗಳ ಕಡೆ ಹೊರಳಿತು. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನಿಂದ ಬಂದು ಓದಿದ್ದು ಇವರ ಕೈಕೆಳಗೆ. ಸಮಾಜಶಾಸ್ತ್ರಕ್ಕೆ ಅದರಿಂದಾದ ಲಾಭ ದೊಡ್ಡದು. ಆದರೆ ನಗರದ ಆಡಳಿತವನ್ನೂ ಜನಜೀವನವನ್ನೂ ಒಂದೇ ಪಾಠದಲ್ಲಿ ಹಿಡಿಯುವ ಗೆಡ್ಡಿಸರ ಹಂಬಲ ಅಲ್ಲಿಗೆ ಹಿಂದೆ ಸರಿಯಿತು. ಈ ವಿದ್ಯೆಯ ಚರಿತ್ರೆಯಲ್ಲಿ ದೊಡ್ಡ ನಷ್ಟ ಇದೇ ಎಂದು ನನ್ನ ಎಣಿಕೆ.

ಆಮೇಲೆ ವಿದ್ಯೆ ಎರಡು ಕೋಣೆಗಳಲ್ಲಿ ಬೆಳೆಯಿತು. ಒಂದು ಕಡೆ ಸಮಾಜಕಾರ್ಯ: ನಾಗಪಾಡಾದಲ್ಲಿ ದುಡಿಯುತ್ತಿದ್ದ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್ಶಾರ್ಟ್ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಶಾಲೆಯನ್ನು ಕಟ್ಟಿದರು. ಇಂದಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ (ಟಿಸ್) ಅದೇ. ಅದು ಪದವಿ ಮುಗಿಸಿ ಬಂದವರ ಶಾಲೆ. ಪದವಿಯ ಮಕ್ಕಳಿಗೆ ಅದರ ಬಾಗಿಲು ತೆರೆಯಲು ಮುಕ್ಕಾಲು ಶತಮಾನವೇ ಹಿಡಿಯಿತು. 1955ರಲ್ಲಿ ಮುಂಬಯಿಯಲ್ಲಿ ನಿರ್ಮಲಾ ನಿಕೇತನ, 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಹುಟ್ಟಿದವು. ಎರಡೂ ಒಂದೇ ಸನ್ಯಾಸಿನಿ ಸಂಸ್ಥೆಯವು. ಬಿ.ಎಸ್.ಡಬ್ಲ್ಯು. ಎಂಬ ಸಮಾಜಕಾರ್ಯದ ಪದವಿಯನ್ನು ಕರಾವಳಿಯ ಮನೆಗಳಿಗೆ ಪರಿಚಯಿಸಿದ ಶ್ರೇಯಸ್ಸಿನಲ್ಲಿ ರೋಶನಿ ನಿಲಯಕ್ಕೆ ದೊಡ್ಡ ಪಾಲಿದೆ.

ಇನ್ನೊಂದು ಕಡೆ ರಾಜ್ಯಶಾಸ್ತ್ರ: ಬಿ.ಎ. ತರಗತಿಗಳಲ್ಲಿ ಸಂವಿಧಾನ, ರಾಜಕೀಯ ಚಿಂತಕರು, ಅಂತರರಾಷ್ಟ್ರೀಯ ಸಂಬಂಧ. ನಿಯಮ ಗೊತ್ತು, ಅದು ಜನರ ಮನೆಯೊಳಗೆ ಏನು ಮಾಡುತ್ತದೆಂದು ಗೊತ್ತಿಲ್ಲ ಎಂಬಂತಹ ಓದು. ಕಾಮರ್ಸ್ ಮಕ್ಕಳಿಗೂ ಸಿಗುತ್ತಿದ್ದ ಒಂದು ತುತ್ತು ಫೌಂಡೇಶನ್ ಕೋರ್ಸ್. ಮಾನವ ಹಕ್ಕು, ಮಾಹಿತಿ ಹಕ್ಕು, ಗ್ರಾಹಕ ಹಕ್ಕು, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಲ್ಲವೂ ಅದರಲ್ಲಿದ್ದವು. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಮುಗಿಸುವ ವಿಷಯವಾಗಿ ಅದನ್ನು ಇಳಿಸಿದ್ದು ನಮ್ಮ ಕಾಲೇಜುಗಳ ಸೋಲು.

ಈ ಎರಡು ಕೋಣೆಗಳ ನಡುವಿನ ಗೋಡೆ ಎಷ್ಟು ಅನಗತ್ಯ ಎಂದು ತಿಳಿಯಲು ಕಾಂದಿವಲಿ ಪಶ್ಚಿಮದ ಚಾರ್‌ಕೋಪ್‌ಗೆ ಹೋಗಬೇಕು. ವಿಶ್ವಬ್ಯಾಂಕಿನ ಸಾಲದಿಂದ 1985ರಲ್ಲಿ ಶುರುವಾದ ನಗರಾಭಿವೃದ್ಧಿ ಯೋಜನೆಯಲ್ಲಿ ಇಲ್ಲಿ ಸರ್ಕಾರ ಮನೆ ಕಟ್ಟಿಕೊಡಲಿಲ್ಲ. ರಸ್ತೆ, ನೀರು, ಚರಂಡಿ ಮಾಡಿ ಸಣ್ಣ ಸಣ್ಣ ನಿವೇಶನ ಹಂಚಿತು, ಮನೆ ಜನರೇ ಕಟ್ಟಿಕೊಂಡರು. ಕೆಲವು ಕುಟುಂಬಗಳು ಸೇರಿ ಒಂದೊಂದು ಸಹಕಾರಿ ಸೊಸೈಟಿ. ದೊಡ್ಡ ನಿವೇಶನಗಳನ್ನು ಹೆಚ್ಚಿನ ಬೆಲೆಗೆ ಮಾರಿ, ಬಡವರ ನಿವೇಶನದ ಖರ್ಚನ್ನು ತೂಗಿಸುವ ಲೆಕ್ಕ. ಹತ್ತು ವರ್ಷದ ಮೇಲೆ, 1995ರಲ್ಲಿ, ನೀತಿ ಪೂರ್ತಿ ಮಗುಚಿತು. ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ ಬಂತು, ಬಿಲ್ಡರ್ ಉಚಿತ ಮನೆ ಕಟ್ಟಿಕೊಟ್ಟು ಉಳಿದ ಜಾಗದಲ್ಲಿ ಮಾರುವ ಮನೆ ಎಬ್ಬಿಸುವ ಪದ್ಧತಿ ಬಂತು. ಉಚಿತ ಮನೆಯ ಅರ್ಹತೆಗೆ ಗುಡಿಸಲು ಎಂದಿನಿಂದ ಇರಬೇಕೆಂಬುದಕ್ಕೆ 1995ರ ಜನವರಿ 1, ಮುಂದೆ 2000ರ ಜನವರಿ 1 ಎಂಬ ಗಡುವು. ಒಂದು ತಾರೀಖು ಅಕ್ಕಪಕ್ಕದ ಎರಡು ಗುಡಿಸಲುಗಳ ಹಣೆಬರಹವನ್ನು ಬೇರೆ ಮಾಡಿದ್ದು ಹೇಗೆ, ಚಾರ್‌ಕೋಪ್‌ನ ನಿವೇಶನ ಇಂದು ಯಾರ ಕೈಯಲ್ಲಿದೆ, ಯಾರು ಮಾರಿ ಹೋದರು? ಇವು ಟಿ.ವೈ.ಬಿ.ಎ. (ಮೂರನೆಯ ವರ್ಷದ ಬಿ.ಎ.) ವಿದ್ಯಾರ್ಥಿ ನಡೆದುಕೊಂಡೇ ಹೋಗಿ ಕೇಳಬಹುದಾದ ಪ್ರಶ್ನೆಗಳು. ಪಕ್ಕದಲ್ಲೇ ಪಾಲಿಕೆಯ ಆರ್ ದಕ್ಷಿಣ ವಾರ್ಡಿನ ಕಚೇರಿಯಿದೆ, ಶತಾಬ್ದಿ ಆಸ್ಪತ್ರೆಯಿದೆ. 2022ರ ಮಾರ್ಚ್‌ನಿಂದ ಮೂರು ವರ್ಷಕ್ಕೂ ಮೀರಿ ಚುನಾಯಿತ ನಗರಸೇವಕರೇ ಇಲ್ಲದೆ ಆಡಳಿತಾಧಿಕಾರಿಯೊಬ್ಬರೇ ಪಾಲಿಕೆ ನಡೆಸಿದಾಗ ವಾರ್ಡಿನ ದೂರುಗಳು ಯಾರ ಮೇಜಿಗೆ ಹೋದವು ಎಂಬುದಂತೂ ಒಂದು ಸೆಮಿಸ್ಟರಿಗೆ ಸಾಕಾಗುವ ಪಾಠ.

ಕರ್ನಾಟಕದ ದಾರಿ ಸ್ವಲ್ಪ ಬೇರೆ. ಅಲ್ಲಿ ನೀತಿಯೇ ಪಾಠಕ್ಕಿಂತ ಮುಂದೆ ನಡೆಯಿತು. ಹಿಂದುಳಿದವರ ಮೀಸಲಾತಿಯನ್ನು ಕುರಿತ 1918ರ ಮಿಲ್ಲರ್ ಸಮಿತಿ, 1975ರ ಹಾವನೂರು ವರದಿ, ಸಚಿವ ಅಬ್ದುಲ್ ನಜೀರ್ ಸಾಬರ ಪಂಚಾಯತ್ ಕಾಯ್ದೆ, ಇವೆಲ್ಲ ಸಮಾಜನೀತಿಯ ದೊಡ್ಡ ಪ್ರಯೋಗಗಳು. ಡಿ.ವಿ.ಜಿ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ, ರಾಜ್ಯಶಾಸ್ತ್ರವನ್ನು ಕನ್ನಡದಲ್ಲೇ ಬರೆದು, ಪದವಿಯಿಲ್ಲದವರಿಗೂ ಈ ವಿದ್ಯೆ ತಲುಪಬೇಕೆಂದರು. ಇತ್ತೀಚೆಗೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥವು ಪದವಿಯಲ್ಲೇ ಕ್ಷೇತ್ರಕಾರ್ಯಕ್ಕೆ ಜಾಗ ಕೊಟ್ಟಿವೆ. ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ಕರ್ನಾಟಕ 2021ರಲ್ಲಿ ತಂದು 2024ರಲ್ಲಿ ಕೈಬಿಟ್ಟಿತು. ಮಹಾರಾಷ್ಟ್ರ ಅದನ್ನು ಹಿಡಿದುಕೊಂಡಿದೆ. ಅದರಲ್ಲಿ ಕ್ಷೇತ್ರಕಾರ್ಯಕ್ಕೂ ಸಮಾಜಸೇವೆಗೂ ಅಂಕಗಳಿವೆ. ಕಾಂದಿವಲಿಯ ಕಾಲೇಜುಗಳು ಮನಸ್ಸು ಮಾಡಿದರೆ ಗೆಡ್ಡಿಸರ ಸಮೀಕ್ಷೆಯನ್ನು ತಮ್ಮ ವಾರ್ಡಿನಲ್ಲೇ ಮತ್ತೆ ಆರಂಭಿಸಬಹುದು.

ಮುಂಬಯಿಯ ಕನ್ನಡ ಸಂಘಗಳು, ಜಾತಿ ಸಮುದಾಯದ ಸಂಘಗಳು ವಿದ್ಯಾರ್ಥಿವೇತನ ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದಿಲ್ಲ. ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ತಲೆಮಾರು ಕಟ್ಟಿದ ಸಂಘಗಳು ಅವು. ಈ ವರ್ಷ ಅವು ಎಂಜಿನಿಯರಿಂಗ್, ಸಿ.ಎ. ಜೊತೆಗೆ ರಾಜ್ಯಶಾಸ್ತ್ರದ ಬಿ.ಎ. ಮತ್ತು ಬಿ.ಎಸ್.ಡಬ್ಲ್ಯು. ಓದುವವರಿಗೂ ಒಂದಿಷ್ಟು ಹಣ ಮೀಸಲಿಡಲಿ. ಮನೆಯಲ್ಲಿ ಆರ್ಟ್ಸ್ ಎನ್ನುವ ಮಗಳಿದ್ದರೆ ಹೆತ್ತವರು ಅವಳನ್ನು ತಡೆಯದಿರಲಿ.