ಮರಳಿ ಬಂದ ಕಪ್ಪು ಹಡಗುಗಳು

2002ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಜಪಾನಿನ ಮಂಡಲಿಯೊಂದು ಸಂಗೀತ ನಾಟಕವೊಂದನ್ನು ಆಡಿತು. ಮಾತು ಜಪಾನಿ, ಹಾಡೂ ಜಪಾನಿ. ಇದರಲ್ಲಿ ವಿಶೇಷವೇನು ಎಂದು ವಾಚಕರು ಕೇಳಬಹುದು. ಹೊರದೇಶದ ಮಂಡಲಿಗಳು ಆ ನಗರಕ್ಕೆ ಬರುವುದು ಅಪರೂಪವಲ್ಲ. ವಿಶೇಷವಿರುವುದು ಇಷ್ಟರಲ್ಲಿ: ಆ ನಾಟಕ ನ್ಯೂಯಾರ್ಕಿನದೇ. ಇಂಗ್ಲಿಷಿನಲ್ಲಿ ಬರೆದವರು ಆ ಊರಿನವರು. ಅದು ಬೆಳಕು ಕಂಡದ್ದು ಅಲ್ಲಿಯ ಬ್ರಾಡ್‌ವೇ ರಂಗಭೂಮಿಯ ಮೇಲೆ. ಅದೇ ಊರಿನ ಪ್ರೇಕ್ಷಕರು ಈಗ ತಮ್ಮದೇ ನಾಟಕ ಅರ್ಥವಾಗಬೇಕಾದರೆ ರಂಗದ ಮೇಲುಗಡೆ ಮೂಡುವ ಅಕ್ಷರಗಳನ್ನು ಓದಿಕೊಳ್ಳಬೇಕಾಯಿತು. ಮಗಳು ತೌರಿಗೆ ಬಂದಳು. ತಾಯಿಗೆ ಅವಳ ಮಾತು ತಿಳಿಯದು.

ನಾಟಕದ ಹೆಸರು ‘ಪೆಸಿಫಿಕ್ ಓವರ್‌ಚರ್ಸ್’. ಸಂಭಾಷಣೆ ಜಾನ್ ವೈಡ್‌ಮನ್ನನದು, ಹಾಡೂ ಸಂಗೀತವೂ ಸ್ಟೀಫನ್ ಸಾಂಡ್‌ಹೈಮನವು. ಹೆಸರಿನಲ್ಲಿ ಎರಡು ಶ್ಲೇಷೆಗಳಿವೆ. ಮೊದಲ ಪದ ಸಮುದ್ರವೂ ಹೌದು, ಶಾಂತಿಯೂ ಹೌದು. ಎರಡನೆಯದು ಸಂಧಾನಕ್ಕೆ ಮುಂದಾಗುವ ಮಾತೂ ಹೌದು, ಸಂಗೀತದ ಪೀಠಿಕೆಯೂ ಹೌದು. ಜಪಾನೀಯರು ಇದನ್ನು ‘ತೈಹೆಯ್ಯೊ ಜೋಕ್ಯೊಕು’ ಎಂದರು. ‘ತೈಹೆಯ್’ ಎಂದರೆ ಶಾಂತಿ. ಆದುದರಿಂದ ನಮ್ಮ ‘ಶಾಂತಸಾಗರ’ದಂತೆಯೇ ಮೊದಲ ಶ್ಲೇಷೆ ಉಳಿಯಿತು. ಎರಡನೆಯದರಲ್ಲಿ ಸಂಗೀತ ಉಳಿದು ಸಂಧಾನ ಬಿದ್ದುಹೋಯಿತು. ಭಾಷಾಂತರದ ಪಾಠ ಹೇಳುವ ನನಗೆ ಈ ಲಾಭನಷ್ಟದ ಲೆಕ್ಕ ಕಥೆಯಷ್ಟೇ ರುಚಿಸುತ್ತದೆ.

ಕಥೆ ಇತಿಹಾಸದ್ದು. 1853ರ ಜುಲೈಯಲ್ಲಿ ಅಮೆರಿಕದ ಕಮೊಡೋರ್ ಮ್ಯಾಥ್ಯೂ ಪೆರಿ ನಾಲ್ಕು ಯುದ್ಧನೌಕೆಗಳೊಡನೆ ಜಪಾನಿನ ಉರಾಗಾದ ಮುಂದೆ ಲಂಗರು ಹಾಕಿದ. ನಾಲ್ಕರಲ್ಲಿ ಎರಡು ಹೊಗೆಯುಗುಳುವ ಉಗಿಹಡಗುಗಳು. ಜಪಾನೀಯರು ಅವನ್ನು ‘ಕಪ್ಪು ಹಡಗುಗಳು’ ಎಂದು ಕರೆದರು. ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಆ ದೇಶ ಪಾಶ್ಚಾತ್ಯರಿಗೆ ಬಾಗಿಲು ಮುಚ್ಚಿತ್ತು. ಡಚ್ಚರಿಗೆ ಮಾತ್ರ ನಾಗಸಾಕಿಯ ದೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ವ್ಯಾಪಾರಕ್ಕೆ ಎಡೆಯಿತ್ತು. ಹೀಗಾಗಿ ಅಲ್ಲಿಯ ದುಭಾಷಿಗಳು ಬಲ್ಲ ಯುರೋಪಿನ ಭಾಷೆ ಡಚ್. ಅಮೆರಿಕದವರ ಇಂಗ್ಲಿಷು ಡಚ್ಚಾಗಿ, ಡಚ್ಚು ಜಪಾನಿಯಾಗಿ, ಉತ್ತರ ಮತ್ತೆ ಅದೇ ದಾರಿ ಹಿಡಿದು ಮರಳಬೇಕು. ನಡುವೆ ಚೀನೀ ಲಿಪಿಯ ಬರಹವೂ ಕೆಲಸಕ್ಕೆ ಬಂದಿತು.

ಮರುವರ್ಷ ಪೆರಿ ಇನ್ನಷ್ಟು ಹಡಗುಗಳೊಡನೆ ಬಂದ. 1854ರ ಮಾರ್ಚ್ 31ರಂದು ಕನಗಾವಾ ಒಪ್ಪಂದಕ್ಕೆ ಸಹಿ ಬಿದ್ದಿತು. ಇದರ ಹನ್ನೊಂದನೆಯ ಕಲಮು ಬಲು ಸ್ವಾರಸ್ಯವಾದದ್ದು. ಎರಡು ಸರ್ಕಾರಗಳಲ್ಲಿ ಯಾವುದಾದರೊಂದು ಅವಶ್ಯವೆಂದು ಕಂಡರೆ ಶಿಮೊಡಾದಲ್ಲಿ ಅಮೆರಿಕದ ಕಾನ್ಸಲನೊಬ್ಬ ನೆಲಸಬಹುದು ಎಂದು ಇಂಗ್ಲಿಷ್ ಪಾಠ. ಎರಡು ಸರ್ಕಾರಗಳಿಗೂ ಅವಶ್ಯವೆಂದು ಕಂಡರೆ ಎಂದು ಜಪಾನಿ ಪಾಠ. 1856ರಲ್ಲಿ ಟೌನ್‌ಸೆಂಡ್ ಹ್ಯಾರಿಸ್ ಕಾನ್ಸಲನಾಗಿ ಬಂದಿಳಿದಾಗ ಶಿಮೊಡಾದ ಅಧಿಕಾರಿಗಳು ದಿಗ್ಭ್ರಮೆಗೊಂಡರು. ಅವರ ಕಾಗದದಲ್ಲಿ ಅವನಿಗೆ ಸ್ಥಳವಿರಲಿಲ್ಲ. ಆದರೂ ಅವನು ಹೋಗಲಿಲ್ಲ. ಗ್ಯೊಕುಸೆನ್‌ಜಿ ಎಂಬ ದೇವಾಲಯದಲ್ಲಿ ಬಿಡಾರ ಹೂಡಿ ಅಂಗಳದಲ್ಲಿ ತನ್ನ ದೇಶದ ಧ್ವಜ ಏರಿಸಿದ.

ಈ ಪ್ರಸಂಗವನ್ನು ಜಪಾನೀಯರ ಕಣ್ಣಿನಿಂದ ನೋಡಬೇಕೆಂದು ನಾಟಕಕಾರರು ಹೊರಟರು. 1976ರ ಜನವರಿಯಲ್ಲಿ, ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷವನ್ನು ಆಚರಿಸುತ್ತಿದ್ದಾಗ, ಹೆರಾಲ್ಡ್ ಪ್ರಿನ್ಸನ ನಿರ್ದೇಶನದಲ್ಲಿ ಪ್ರಯೋಗ ನಡೆಯಿತು. ನಟರು ಏಷ್ಯಾ ಮೂಲದವರು. ಕಬುಕಿಯ ಪದ್ಧತಿಯಂತೆ ಸ್ತ್ರೀಪಾತ್ರಗಳು ಬಹುಮಟ್ಟಿಗೆ ಗಂಡಸರವು. ಪೆರಿ ಸಿಂಹದಂತೆ ಕೇಸರ ಕೆದರಿ ಕುಣಿಯುತ್ತಾನೆ. ರಂಗಸಜ್ಜಿಕೆಗೂ ವೇಷಭೂಷಣಕ್ಕೂ ಟೋನಿ ಪ್ರಶಸ್ತಿ ಬಂದಿತು. 193 ಪ್ರಯೋಗಗಳಿಗೇ ನಾಟಕ ನಿಂತಿತು. ಬ್ರಾಡ್‌ವೇಯ ಲೆಕ್ಕದಲ್ಲಿ ಅದು ಸೋಲು. ಸೋತದ್ದು ಅನ್ಯಾಯವೆಂದೇ ನನ್ನ ಮತ. ಆದರೆ ಒಂದು ಕೊರತೆಯಿತ್ತು: ಕಣ್ಣು ಜಪಾನೀಯರದಾದರೂ ನಾಲಗೆ ಅಮೆರಿಕದವರದೇ.

ಬ್ರಾಡ್‌ವೇ ನಾಟಕವನ್ನು ಜಪಾನಿಗೆ ತಿರುಗಿಸುವ ಕೆಲಸ ಅಷ್ಟರಲ್ಲಾಗಲೇ ಪಳಗಿತ್ತು. 1963ರಲ್ಲಿ ಟೋಕಿಯೋದಲ್ಲಿ ‘ಮೈ ಫೇರ್ ಲೇಡಿ’ ಆಡಿದರು; 1967ರಲ್ಲಿ ‘ಫಿಡ್ಲರ್ ಆನ್ ದ ರೂಫ್’ ಬಂದಿತು. ಅದರ ನಾಯಕನ ಪಾತ್ರವನ್ನು ಮೊರಿಶಿಗೆ ಹಿಸಾಯಾ 900 ಸಲ ಅಭಿನಯಿಸಿದ. ತೊಡಕು ಗಾಯನದಲ್ಲಿ. ಇಂಗ್ಲಿಷಿನ ‘ಐ’ ಒಂದು ಸ್ವರದಲ್ಲಿ ಮುಗಿದರೆ ಜಪಾನಿಯ ‘ವತಾಶಿ’ಗೆ ಮೂರು ಬೇಕು. ರಾಗ ಬದಲಾಗದು, ಆದುದರಿಂದ ಅರ್ಥವೇ ಮೈ ಕುಗ್ಗಿಸಿಕೊಳ್ಳಬೇಕು. ಏನನ್ನು ಬಿಡಬೇಕೆಂಬುದನ್ನು ಅರಿತವನೇ ಅಲ್ಲಿ ಒಳ್ಳೆಯ ಅನುವಾದಕ.

ಆ ನಾಟಕಗಳೆಲ್ಲ ಮನೆಯ ಮಂದಿಗಾಗಿ ಆಡಿದವು. ‘ಪೆಸಿಫಿಕ್ ಓವರ್‌ಚರ್ಸ್’ದ ಹಣೆಬರಹ ಬೇರೆ. 2000ದಲ್ಲಿ ಟೋಕಿಯೋದ ನೂತನ ರಾಷ್ಟ್ರೀಯ ರಂಗಮಂದಿರದಲ್ಲಿ ಮಿಯಾಮೊಟೊ ಅಮೊನ್ ಅದನ್ನು ಜಪಾನಿಯಲ್ಲಿ ನಿರ್ದೇಶಿಸಿದ. ಕಬುಕಿಯ ವೈಭವವನ್ನು ಕಳಚಿ ‘ನೋ’ ನಾಟಕದ ಬರಿಯ ಮರದ ಜಗಲಿಯಂಥ ರಂಗವನ್ನು ಇರಿಸಿದ. ಸೂತ್ರಧಾರನಾಗಿ ನಿಂತವನು ಕುನಿಮೊಟೊ ತಕೆಹಾರು. ಷಮಿಸೆನ್ ತಂತಿವಾದ್ಯದ ಮೇಳದೊಡನೆ ಕಥೆ ಹೇಳುವ ‘ರೋಕ್ಯೊಕು’ ಕಲೆಯಲ್ಲಿ ನುರಿತವನು. ಅಮೆರಿಕದವರು ಊಹೆಯಿಂದ ಕಟ್ಟಿದ್ದ ಜಪಾನಿಗೆ ಹೀಗೆ ಜಪಾನಿನದೇ ಕಂಠ ಬಂದಿತು.

ಇದೇ ಪ್ರಯೋಗ ಎರಡು ವರ್ಷಗಳ ತರುವಾಯ ಲಿಂಕನ್ ಸೆಂಟರಿಗೆ, ಅಲ್ಲಿಂದ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ಕೆನೆಡಿ ಸೆಂಟರಿಗೆ ಹೋಯಿತು. ಪೆರಿಯ ಹಡಗುಗಳು ಬರುವ ಸಂದರ್ಭದಲ್ಲಿ ಭಾರಿ ಗಾತ್ರದ ಅಮೆರಿಕನ್ ಧ್ವಜವೊಂದು ಪ್ರೇಕ್ಷಕರ ತಲೆಗಳ ಮೇಲೆ ಬಿಚ್ಚಿಕೊಂಡು ಹರಡುತ್ತದೆ. 2001ರ ಸೆಪ್ಟೆಂಬರ್ 11 ಕಳೆದು ಹತ್ತೇ ತಿಂಗಳು. ನ್ಯೂಯಾರ್ಕಿನ ಬೀದಿಬೀದಿಯಲ್ಲಿ ಅದೇ ಧ್ವಜ ಶೋಕದ, ಧೈರ್ಯದ ಗುರುತಾಗಿ ತೂಗುತ್ತಿದ್ದ ಕಾಲ. ಅದೇ ಬಟ್ಟೆ ಸಮುದ್ರದಾಚೆಯ ಮೀನುಗಾರನಿಗೆ ಹೇಗೆ ಕಂಡಿತೆಂಬುದನ್ನು ಅದರ ಕೆಳಗೇ ಕುಳಿತು ನೋಡಬೇಕಾಯಿತು. ಇಂಗ್ಲಿಷಿನಲ್ಲಿ ಆಡಿದ್ದರೆ ಇದೊಂದು ಆತ್ಮವಿಮರ್ಶೆಯಾಗುತ್ತಿತ್ತು, ಅಷ್ಟೆ. ಜಪಾನಿಯಲ್ಲಿ ಆಡಿದಾಗ ಎದುರಿನವನೇ ಬಾಯಿ ತೆರೆದಂತಾಯಿತು.

ನಾಟಕದಲ್ಲಿ ಒಂದು ಹಾಡಿದೆ. ಒಪ್ಪಂದದ ಮನೆಯೊಳಗೆ ನಡೆದುದಕ್ಕೆ ಜಪಾನೀ ದಾಖಲೆಯಿಲ್ಲವೆಂದು ಸೂತ್ರಧಾರ ಹೇಳುತ್ತಾನೆ. (ನಿಜವಾಗಿ ದಾಖಲೆಗಳಿವೆ; ಕವಿಗೆ ಇಷ್ಟು ಸ್ವಾತಂತ್ರ್ಯ ಕೊಡೋಣ.) ಆಗ ಮುದುಕನೊಬ್ಬ ಬಂದು ತಾನು ಬಾಲಕನಾಗಿದ್ದಾಗ ಮರವೇರಿ ಎಲ್ಲವನ್ನೂ ನೋಡಿದೆ ಎನ್ನುತ್ತಾನೆ. ಅವನು ಕಂಡ, ಕೇಳಲಿಲ್ಲ. ನೆಲದ ಹಲಗೆಯ ಕೆಳಗೆ ಅಡಗಿದ್ದ ಕಾವಲಿನ ಯೋಧ ಕೇಳಿದ, ಕಾಣಲಿಲ್ಲ. ಕಿವಿಯಿಂದ ಜಪಾನಿಯನ್ನು ಕೇಳುತ್ತ ಕಣ್ಣಿನಿಂದ ಇಂಗ್ಲಿಷನ್ನು ಓದುತ್ತಿದ್ದ ನ್ಯೂಯಾರ್ಕಿನವರ ಪಾಡೂ ಇದಕ್ಕಿಂತ ಬಹಳ ದೂರವಿರಲಿಲ್ಲ.

ಜಪಾನಿ ಭಾಷೆಯ ಬ್ರಾಡ್‌ವೇ ನಾಟಕ ಅಲ್ಲಿಗೆ ಮತ್ತೆಯೂ ಹೋಗಿದೆ. 2016ರಲ್ಲಿ ತಕಾರಜುಕಾ ತಂಡದ ಮಾಜಿ ನಟಿಯರು ‘ಶಿಕಾಗೊ’ವನ್ನು ಲಿಂಕನ್ ಸೆಂಟರಿನಲ್ಲಿ ಆಡಿದರು, ಗಂಡು ಪಾತ್ರಗಳೂ ಹೆಂಗಸರವೇ. ಅದು ನೈಪುಣ್ಯದ ಪ್ರದರ್ಶನ. ಕಥೆಗೂ ಭಾಷೆಗೂ ರಕ್ತಸಂಬಂಧವಿಲ್ಲ.

2004ರ ಡಿಸೆಂಬರಿನಲ್ಲಿ ಮಿಯಾಮೊಟೊ ಅದೇ ‘ಪೆಸಿಫಿಕ್ ಓವರ್‌ಚರ್ಸ್’ವನ್ನು ಬ್ರಾಡ್‌ವೇಯ ಸ್ಟುಡಿಯೋ 54ರಲ್ಲಿ ಮೂಲದ ಇಂಗ್ಲಿಷಿನಲ್ಲಿಯೇ, ಏಷ್ಯನ್ ಅಮೆರಿಕನ್ ನಟರಿಂದ ಆಡಿಸಿದ. ಧ್ವಜ ಹಿಂದಿನಂತೆಯೇ ತಲೆಯ ಮೇಲೆ ಹರಡಿತು. ಅಕ್ಷರ ಓದುವ ತೊಂದರೆ ಮಾತ್ರ ಯಾರಿಗೂ ಇರಲಿಲ್ಲ. ಮರುವರ್ಷದ ಜನವರಿ ಮುಗಿಯುವುದರೊಳಗೆ ಆ ಪ್ರಯೋಗವೂ ನಿಂತಿತು.