ಬಿಆರ್‌ಸಿಎ1ರ ಪಕ್ಕದ ಮನೆ

ಮನುಷ್ಯನ 17ನೇ ವರ್ಣತಂತುವಿನಲ್ಲಿ ಬಿಆರ್‌ಸಿಎ1 ಎಂಬ ಜೀನ್ ಇದೆ. ಅದು ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವ ಸಂಗತಿ. ಅದರ ಪಕ್ಕದ ಮನೆಯಲ್ಲೇ ಅಷ್ಟೇನೂ ಹೆಸರು ಮಾಡದ ಇನ್ನೊಂದು ಜೀನ್ ಇದೆ: ಬಿಇಸಿಎನ್1. ಅದು ತಯಾರಿಸುವ ಪ್ರೋಟೀನು ಬೆಕ್ಲಿನ್-1. ಜೀವಕೋಶ ತನ್ನೊಳಗಿನ ಸವೆದ, ಮುರಿದ ಭಾಗಗಳನ್ನು ತಾನೇ ಜೀರ್ಣಿಸಿ ಮತ್ತೆ ಬಳಸಿಕೊಳ್ಳುವ ಆಟೋಫಜಿ, ಅಂದರೆ ಸ್ವಭಕ್ಷಣೆ, ಶುರುವಾಗಲು ಈ ಪ್ರೋಟೀನು ಬೇಕು. ಇಷ್ಟರ ಬಗ್ಗೆ ಯಾರ ತಕರಾರೂ ಇಲ್ಲ. ಕ್ಯಾನ್ಸರಿನಲ್ಲಿ ಅದರ ಪಾಲೆಷ್ಟು ಎಂಬಲ್ಲಿ ಜಗಳ ಶುರುವಾಗುತ್ತದೆ.

ಸ್ವಭಕ್ಷಣೆಗೆ ಹೆಸರಿಟ್ಟವರು ಬೆಲ್ಜಿಯಂನ ಕ್ರಿಸ್ಟಿಯಾನ್ ಡಿ ಡ್ಯೂವ್, 1963ರಲ್ಲಿ. ಆ ಮೇಲೆ ಸುಮಾರು ಮೂರು ದಶಕ ಅದನ್ನು ಮುಖ್ಯವಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇ ಬಂತು. ನಡೆಸುವ ಜೀನ್‌ಗಳು ಯಾವುವೆಂದು ತಿಳಿಯಲಿಲ್ಲ. ಗಂಟು ಬಿಚ್ಚಿದ್ದು ಜಪಾನಿನ ಯೊಶಿನೊರಿ ಓಸುಮಿ, ಅದೂ ಬ್ರೆಡ್ ಉಬ್ಬಿಸುವ ಯೀಸ್ಟ್ ಹಿಡಿದುಕೊಂಡು. ಜೀರ್ಣಕಾರಿ ಕಿಣ್ವಗಳಿಲ್ಲದ ಯೀಸ್ಟನ್ನು ಉಪವಾಸ ಕೆಡವಿದರೆ ನುಂಗಿದ್ದೆಲ್ಲ ಅರಗದೆ ಒಳಗೆ ರಾಶಿ ಬೀಳುತ್ತಿತ್ತು, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣುವಷ್ಟು. ಯಾವ ಯೀಸ್ಟಿನಲ್ಲಿ ಈ ರಾಶಿ ಕಾಣುವುದಿಲ್ಲವೋ ಅದರಲ್ಲಿ ಸ್ವಭಕ್ಷಣೆಯ ಜೀನ್ ಕೆಟ್ಟಿರಬೇಕು. ಈ ತರ್ಕ ಹಿಡಿದು 1993ರಲ್ಲಿ ಅವರೂ ಸಹೋದ್ಯೋಗಿಯೂ 15 ಜೀನ್‌ಗಳ ಸುಳಿವು ಕೊಟ್ಟರು. 2016ರ ನೊಬೆಲ್ ಓಸುಮಿಯವರೊಬ್ಬರಿಗೇ ಬಂತು.

ಬೆಕ್ಲಿನ್-1 ಸಿಕ್ಕಿದ್ದು ಬೇರೆಯದೇ ದಾರಿಯಲ್ಲಿ. ಅಮೆರಿಕದ ಬೆತ್ ಲೆವೀನ್ ವೈರಸ್ ತಜ್ಞೆ. ಸಿಂಡ್‌ಬಿಸ್ ಎಂಬ ವೈರಸ್ಸಿನಿಂದ ಮೆದುಳಿನ ಕೋಶಗಳನ್ನು ಕಾಯುವ ಬಿಸಿಎಲ್-2 ಪ್ರೋಟೀನಿಗೆ ಯಾರು ಜೊತೆಗಾರರೆಂದು ಹುಡುಕುತ್ತಿದ್ದಾಗ, 1998ರಲ್ಲಿ, ಈ ಹೊಸ ಪ್ರೋಟೀನು ಕೈಗೆ ಬಂತು. ಯೀಸ್ಟಿನ ಸ್ವಭಕ್ಷಣೆಯ ಜೀನೊಂದಕ್ಕೂ ಇದಕ್ಕೂ ಹೋಲಿಕೆಯಿತ್ತು. ಮರುವರ್ಷ ಅವರ ತಂಡ ಬೆಕ್ಲಿನ್-1 ತೀರಾ ಕಡಿಮೆಯಿದ್ದ ಎಂಸಿಎಫ್7 ಎಂಬ ಸ್ತನ ಕ್ಯಾನ್ಸರ್ ಕೋಶಗಳಿಗೆ ಅದನ್ನು ಸೇರಿಸಿ ನೋಡಿತು. ಸ್ವಭಕ್ಷಣೆ ಮರಳಿತು, ಇಲಿಗಳಲ್ಲಿ ಗೆಡ್ಡೆ ಕಟ್ಟುವ ಅವುಗಳ ಶಕ್ತಿ ಕುಗ್ಗಿತು. ಸ್ತನ, ಅಂಡಾಶಯ, ಪ್ರಾಸ್ಟೇಟ್ ಗೆಡ್ಡೆಗಳಲ್ಲಿ ಈ ಜೀನಿನ ಒಂದು ಪ್ರತಿ ಆಗಾಗ ಕಳೆದುಹೋಗಿರುವುದೂ ವರದಿಯಾಗಿತ್ತು. 2003ರಲ್ಲಿ ಎರಡು ತಂಡಗಳು ಒಂದೇ ಪ್ರತಿ ಉಳಿಸಿದ ಇಲಿಗಳಲ್ಲಿ ಲಿಂಫೋಮಾ, ಶ್ವಾಸಕೋಶ ಮತ್ತು ಯಕೃತ್ತಿನ ಗೆಡ್ಡೆಗಳನ್ನು ತೋರಿಸಿದವು. ಕ್ಯಾನ್ಸರ್ ತಡೆಯುವ ಜೀನ್ ಎಂಬ ಪಟ್ಟ ಗಟ್ಟಿಯಾಯಿತು.

ಪಟ್ಟ ಅಲುಗಿದ್ದು 2014ರಲ್ಲಿ. ದೊಡ್ಡ ಸಂಖ್ಯೆಯ ಮಾನವ ಗೆಡ್ಡೆಗಳ ಜೀನ್ ಮಾಹಿತಿ ಜಾಲಾಡಿದ ಐಲೀನ್ ವೈಟ್ ಮತ್ತು ಸಂಗಡಿಗರಿಗೆ ಸ್ತನ, ಅಂಡಾಶಯದ ಗೆಡ್ಡೆಗಳಲ್ಲಿ ಬಿಆರ್‌ಸಿಎ1 ಒಂದೇ ಕಳೆದದ್ದು ಕಂಡಿತು, ಎರಡೂ ಕಳೆದದ್ದೂ ಕಂಡಿತು. ಬಿಇಸಿಎನ್1 ಒಂಟಿಯಾಗಿ ಕಳೆದದ್ದು ಮಾತ್ರ ಕಾಣಲಿಲ್ಲ. ಪಕ್ಕದ ಮನೆ ಕುಸಿದಾಗ ಇದೂ ಕುಸಿದಿದೆ ಅಷ್ಟೇ ಎಂಬುದು ಅವರ ವಾದ. ಮುಂದಿನ ವರ್ಷವೇ ಲೆವೀನ್ ಇದ್ದ ತಂಡದ ಉತ್ತರ ಬಂತು: ಬಿಇಸಿಎನ್1ರ ಚಟುವಟಿಕೆ ಕುಗ್ಗಿದ ಸ್ತನ ಕ್ಯಾನ್ಸರ್ ಹೆಚ್ಚು ಉಗ್ರ, ಬಿಆರ್‌ಸಿಎ1ರ ಸ್ಥಿತಿ ಏನೇ ಇರಲಿ. ಒಬ್ಬರು ಎಣಿಸಿದ್ದು ಜೀನ್ ಇದೆಯೋ ಇಲ್ಲವೋ ಎಂದು, ಇನ್ನೊಬ್ಬರು ಅಳೆದದ್ದು ಅದು ಎಷ್ಟು ದುಡಿಯುತ್ತಿದೆ ಎಂದು. ಹಾಗಾಗಿ ಎರಡೂ ನಿಜವಿರಲು ಅಡ್ಡಿಯಿಲ್ಲ. ಇಲಿಗಳ ಪ್ರಯೋಗಕ್ಕಂತೂ ಈ ಆಕ್ಷೇಪ ತಾಗದು, ಅಲ್ಲಿ ಬೇಕೆಂದೇ ಕೆಡಿಸಿದ್ದು ಬಿಇಸಿಎನ್1 ಒಂದನ್ನೇ.

ವಾದ ತೀರುವ ಮೊದಲೇ, 2020ರಲ್ಲಿ, ಲೆವೀನ್ 60ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮುಂಚೆ ಅವರ ತಂಡ ಇಲಿಗಳಲ್ಲಿ ಬೆಕ್ಲಿನ್-1ರ ಒಂದೇ ಒಂದು ಅಮೈನೊ ಆಮ್ಲ ಬದಲಿಸಿ, ಅದರ ಮೇಲಿನ ಬಿಸಿಎಲ್-2ರ ಹಿಡಿತ ಸಡಿಲಿಸಿತ್ತು. ಆ ಇಲಿಗಳಲ್ಲಿ ಸ್ವಭಕ್ಷಣೆ ಹೆಚ್ಚಿತು, ತಾನಾಗಿ ಹುಟ್ಟುವ ಗೆಡ್ಡೆಗಳು ಕಡಿಮೆಯಾದವು, ಆಯಸ್ಸೂ ಬೆಳೆಯಿತು.

ಹಾಗೆಂದು ಸ್ವಭಕ್ಷಣೆ ಹೆಚ್ಚಿಸುವುದೊಂದೇ ಮದ್ದಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ನರಕೋಶದೊಳಗೆ ಕಟ್ಟುವ ಪ್ರೋಟೀನು ಮುದ್ದೆ ಕರಗಿಸಲು ಅದು ಚುರುಕಾಗಬೇಕು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯರ ತಂಡ ಯೀಸ್ಟಿನಲ್ಲೇ ಸ್ವಭಕ್ಷಣೆ ಚುರುಕುಗೊಳಿಸುವ ರಾಸಾಯನಿಕಗಳನ್ನು ಸೋಸಿ, 6-ಬಯೊ ಎಂಬುದನ್ನು 2017ರಲ್ಲಿ ಇಲಿಗಳವರೆಗೆ ಒಯ್ದಿತು. ಆದರೆ ಒಮ್ಮೆ ಬೇರೂರಿದ ಗೆಡ್ಡೆ ಆಹಾರದ ಬರ ತಾಳಿಕೊಳ್ಳಲು ಇದೇ ಸ್ವಭಕ್ಷಣೆಯನ್ನು ಬಳಸಿಕೊಳ್ಳುತ್ತದೆ. ಆದ್ದರಿಂದ ಕ್ಯಾನ್ಸರ್ ವೈದ್ಯರು ಮಲೇರಿಯಾದ ಹಳೆಯ ಔಷಧ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಟ್ಟು ಅದನ್ನು ತಡೆಯುವ ಪ್ರಯೋಗಗಳನ್ನೂ ರೋಗಿಗಳ ಮೇಲೆ ನಡೆಸಿದ್ದಾರೆ. ಆ ಔಷಧ ಬೆಕ್ಲಿನ್-1ರ ಗೊಡವೆಗೇ ಹೋಗುವುದಿಲ್ಲ; ಎಲ್ಲ ಮುಗಿಯುವ ಹಂತದಲ್ಲಿ, ಜೀರ್ಣ ನಡೆಯುವ ಲೈಸೋಸೋಮಿನ ಆಮ್ಲತೆಯನ್ನು ಕೆಡಿಸುತ್ತದೆ.